ಕಾರಣವಿಲ್ಲದ ರಜೆ

ನನಗೆ ರಜೆ ಕೇಳಲು ಬರುವುದಿಲ್ಲ. ಜ್ವರ ಬಂದರೆ ಕೇಳಬಹುದು, ಮನೆಯಲ್ಲಿ ಮದುವೆಯಿದ್ದರೆ ಕೇಳಬಹುದು. ಬರೀ ರಜೆ ಬೇಕೆಂದು ಕೇಳುವುದು ಮಾತ್ರ ಹೊಟ್ಟೆ ತುಂಬ ಉಂಡು ಇನ್ನೊಬ್ಬರ ಮನೆ ಪಂಕ್ತಿಯಲ್ಲಿ ಕೂತಷ್ಟು ನಾಚಿಕೆಯ ಕೆಲಸ. ಪಿಎಚ್.ಡಿ. ಮಾಡುತ್ತ ಸಂಶೋಧನಾ ಸಹಾಯಕರಾಗಿರುವವರ ಪಾಡೇ ಹೀಗೆ. ವಿದ್ಯಾರ್ಥಿಗಳಿಗೆ ಬೇಸಿಗೆ ರಜೆ ಬಂದಾಗ ನಾವು ನೌಕರರು. ನೌಕರರಿಗೆ ರಜೆ ಸಿಕ್ಕಾಗ ನಾವು ವಿದ್ಯಾರ್ಥಿಗಳು.

ನನ್ನ ಕೆಲಸವಿರುವುದು ಗೊರೇಬಾಳದ ಹತ್ತಿರ, ಕಾಲುವೆಯ ನೀರು ನಿಂತು ನಿಂತು ಸವಳಾದ ಭತ್ತದ ಗದ್ದೆಗಳಲ್ಲಿ. ಅಲ್ಲಿಂದ ಮಣ್ಣು ತರುವುದು, ಸಿಂಧನೂರಿನ ಪ್ರಯೋಗಾಲಯದಲ್ಲಿ ಅದನ್ನು ಒಣಗಿಸುವುದು, ಅದರಲ್ಲಿ ಉಪ್ಪೆಷ್ಟಿದೆ ಎಂದು ಅಳೆಯುವುದು. ಮನೆಯೇನೂ ದೂರವಲ್ಲ. ಬಸ್ಸಿನಲ್ಲಿ ಕೂತು ಒಂದು ಜೊಂಪು ತೆಗೆಯುವುದರೊಳಗೆ ಮಸ್ಕಿ ಬಂದುಬಿಡುತ್ತದೆ. ಅಷ್ಟು ಹತ್ತಿರವಿದ್ದುದರಿಂದಲೇ ಏನೋ, ಹೋಗುವುದು ಮುಂದಕ್ಕೆ ಬೀಳುತ್ತಲೇ ಇತ್ತು. ಎಂದಾದರೂ ಭಾನುವಾರ ಹೋದರೂ ಲ್ಯಾಪ್‌ಟಾಪ್ ಜೊತೆಗೇ. ಅವ್ವ ಎದುರಿಗೆ ಕೂತು ಮಾತಾಡುತ್ತಿದ್ದರೆ ನಾನು ಅದಕ್ಕೆ ಹೂಂಗುಡುತ್ತಿದ್ದೆ.

ಚಳಿ ಕಡಿಮೆಯಾಗುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ, ನನ್ನ ಬುತ್ತಿ ಡಬ್ಬಿಗೆ ಗದ್ದೆಯ ನಂಬರು ಬರೆದ ಚೀಟಿ ಅಂಟಿಸಿ, ಮಣ್ಣು ಒಣಗಿಸುವ ಓವನ್ನಿನ ಬಾಗಿಲು ತೆಗೆದು ನಿಂತಿದ್ದೆ. ಹಿಂದೆ ನಮ್ಮ ಗೈಡ್ ಮೇಡಂ ಬಂದದ್ದು ಗೊತ್ತಾಗಲಿಲ್ಲ.

"ಪಲ್ಯದಾಗ ಉಪ್ಪೆಷ್ಟೈತಿ ಅಂತ ನೋಡಾಕತ್ತೀಯೇನು?" ಎಂದರು.

ಡಬ್ಬಿ ನೋಡಿಕೊಂಡೆ. ನಗಬೇಕೆಂದು ಹೊರಟರೆ ಕಣ್ಣಲ್ಲಿ ನೀರು ಬಂತು. ಮೇಡಂ ಅದನ್ನು ಕಾಣದವರಂತೆ ಓವನ್ನಿನ ಬಾಗಿಲು ಹಾಕಿದರು.

"ನಾಳಿಂದ ಒಂದ್ ವಾರ ಊರಿಗೆ ಹೋಗು."

"ಏನಂತ ಹೇಳಿ ಹೋಗ್ಲಿ ಮೇಡಂ? ಮನ್ಯಾಗ ಏನೂ ಕಾರ್ಯ ಇಲ್ಲ."

"ಕಾರ್ಯ ಇದ್ರ ಅದು ರಜಾ ಹೆಂಗಾಗ್ತೈತಿ? ಕಾರ್ಯಾನೂ ಒಂದ್ ಕೆಲಸಾನ. ಗದ್ದಿ ನಾ ನೋಡ್ಕೋತೀನಿ. ಲ್ಯಾಪ್‌ಟಾಪ್ ಇಲ್ಲೇ ಇಟ್ಟು ಹೋಗು."

ಅವರು ನನಗೆ ಕಲಿಸಿದ್ದು ಬಹಳ. ಆದರೆ ನೆನೆದಾಗಲೆಲ್ಲ ಕೈ ಮುಗಿಯಬೇಕೆನಿಸುವುದು ಆ ಮಾತಿಗೆ.

ಮಸ್ಕಿಯಲ್ಲಿ ಮಾತ್ರ ಕಾರಣವಿಲ್ಲದ ರಜೆಯನ್ನು ಯಾರೂ ನಂಬಲಿಲ್ಲ. ವಾರದ ನಡುವೆ ಚೀಲ ಹಿಡಿದು ಬಾಗಿಲಲ್ಲಿ ನಿಂತವಳ ಹಣೆಯನ್ನು ಅಪ್ಪ ಮೊದಲು ಮುಟ್ಟಿ ನೋಡಿದರು. ಪಕ್ಕದ ಮನೆಯ ಶರಣಮ್ಮ, "ಹುಡುಗಿ ನೋಡಾಕ ಯಾರರ ಬರಾಕತ್ತಾರೇನು?" ಎಂದು ಕೇಳಿ, ಇಲ್ಲವೆಂದರೂ ಕೇಳದೆ, ಇರಲಿ ಎಂದು ತಮ್ಮ ಹೊಸ ಕಪ್ಪು-ಬಸಿಗಳನ್ನು ಕೊಟ್ಟುಹೋದರು. ಅವ್ವ ಅಂಗನವಾಡಿ ಟೀಚರು. ಮಕ್ಕಳ ಸುಳ್ಳು ಹಿಡಿದು ಹಿಡಿದು ಪಳಗಿದವಳು. ನಾನು ತಿಂದು, ಮಲಗಿ, ಕಟ್ಟೆಯ ಮೇಲೆ ಕೂತು ಬೀದಿ ನೋಡುವುದನ್ನು ಸುಮ್ಮನೆ ಗಮನಿಸಿ, ಒಂದು ಸಂಜೆ ಹತ್ತಿರ ಬಂದು ಕೂತಳು.

"ಖರೇ ಹೇಳು, ಕೆಲಸದಿಂದ ಬಿಡಿಸ್ಯಾರೇನು?"

"ಇಲ್ಲವ್ವ. ಸುಮ್ನ ಬಂದೀನಿ."

"ಸುಮ್ನ," ಎಂದು ಅವ್ವ ಆ ಮಾತನ್ನು ಮೆಲ್ಲಗೆ ಹೇಳಿ ನೋಡಿದಳು, ಬೇರೆಯವರ ಚಪ್ಪಲಿ ಮೆಟ್ಟಿ ನೋಡುವ ಹಾಗೆ.

ಅವ್ವನ ತಂಗಿ, ನನ್ನ ಚಿಗವ್ವ, ಲಿಂಗಸುಗೂರಿನಲ್ಲಿ ಇರುತ್ತಾಳೆ. ಹೋದ ವರ್ಷ ಆಕೆಯ ಗಂಡ, ನಮ್ಮ ಕಾಕಾ, ತೀರಿಕೊಂಡಾಗ ಅವ್ವ ಮಣ್ಣಿಗೆ ಹೋಗಿ, ದಿನದ ಕಾರ್ಯ ಮುಗಿಯುತ್ತಲೇ ಡ್ಯೂಟಿಯಿದೆಯೆಂದು ಅವಸರದಲ್ಲಿ ತಿರುಗಿ ಬಂದಿದ್ದಳು. ಆಮೇಲೆ ಎಲ್ಲ ಫೋನಿನಲ್ಲೇ. ಉಂಡೇನು, ಉಂಡೆ, ಇಡ್ಲೇನು. ಮತ್ತೆ ಹೋಗಲು ಅವಳಿಗೂ ಒಂದು ಕಾರ್ಯ ಬೇಕಿತ್ತು. ಆ ಮನೆಯಲ್ಲಿ ಕಾರ್ಯಗಳೆಲ್ಲ ಮುಗಿದಿದ್ದವು.

ಮರುದಿನ ಬೆಳಿಗ್ಗೆ ಅವ್ವ ಸೂಪರ್‌ವೈಸರಿಗೆ ಫೋನು ಹಚ್ಚಿದ್ದು ಅಡುಗೆಮನೆಯಿಂದ ಕೇಳಿಸಿತು. "ಆರಾಮ ಅದೀನ್ರೀ ಮೇಡಂ. ಯಾರಿಗೂ ಏನೂ ಆಗಿಲ್ರೀ. ತಂಗೀನ ನೋಡ್ಬೇಕು ಅನ್ನಿಸೈತ್ರೀ, ಅಷ್ಟ." ಆಮೇಲೆ ಬಹಳ ಹೊತ್ತು ಆ ಕಡೆಯವರದೇ ಮಾತು.

"ಏನಂದ್ರವ್ವ? ಬೈದ್ರೇನು?"

"ಇಲ್ಲ. ಅವರೂ ಅವರ ಅಕ್ಕನ್ನ ನೋಡಿ ಭಾಳ ದಿನ ಆಗೈತಂತ," ಎಂದಳು ಅವ್ವ, ಸೀರೆ ಬದಲಿಸಲು ಏಳುತ್ತ.

ಬಸ್ಸಿನ ಕಿಟಕಿಯಾಚೆ ಬಿಳಿಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಅವ್ವ ದಾರಿಯುದ್ದಕ್ಕೂ ಕೂದಲು ಸರಿಮಾಡಿಕೊಳ್ಳುತ್ತಲೇ ಇದ್ದಳು.

ಚಿಗವ್ವ ಬಾಗಿಲು ತೆಗೆದು, ನಮ್ಮಿಬ್ಬರ ಮುಖ ನೋಡಿ ಬೆದರಿದಳು. "ಯಾರಿಗೇನಾತಕ್ಕಾ?"

"ಯಾರಿಗೂ ಏನಾಗಿಲ್ಲಬೇ. ನಿನ್ನ ನೋಡಾಕ ಬಂದೀವಿ."

ಚಿಗವ್ವ ಬಾಗಿಲು ಹಿಡಿದುಕೊಂಡೇ ಅತ್ತಳು. ಕಾಕಾ ಹೋದಾಗ ಬಂದವರಿಗೆಲ್ಲ ಚಹಾ ಕೊಡುತ್ತ ಓಡಾಡಿದ್ದವಳು ಆಕೆ. ಆಗ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವ್ವ ಸಮಾಧಾನದ ಮಾತೇನೂ ಆಡಲಿಲ್ಲ. ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಂದೇ ಚಾಪೆಯ ಮೇಲೆ ಅಡ್ಡಾಗಿ, ಸಣ್ಣವರಿದ್ದಾಗ ಯಾರು ಯಾರ ಜಡೆ ಎಳೆದದ್ದೆಂದು ವಾದ ಮಾಡುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ.

"ನೀ ಹೊರಗ ಆಡ್ಹೋಗು," ಎಂದಳು ಅವ್ವ.

ಪಿಎಚ್.ಡಿ. ಮುಗಿಯಲು ಬಂದಿರುವ ನಾನು ಎದ್ದು ಹೊರಗೆ ಹೋದೆ. ಬೇವಿನ ನೆರಳಲ್ಲಿ ಕೂತೆ. ಒಳಗೆ ಇಬ್ಬರೂ ಒಟ್ಟಿಗೆ ನಕ್ಕರು. ಯಾಕೆ ನಕ್ಕರೆಂದು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.