ಕಟ್ಟಿಟ್ಟಿದ್ದ ಕೆಂಪು ಬಾವುಟ

ದೆವ್ವ ಕಂಡವರ, ಗಾಳಿ ಸೋಕಿದವರ ಮಾತು ಬಂದಾಗ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದವನು ನಾನು. ಇಂಥವೆಲ್ಲ ರಾತ್ರಿ ಹೊತ್ತು ಒಬ್ಬಂಟಿಯಾಗಿ ಬರುವವನಿಗೇ ಏಕೆ ಆಗುತ್ತವೆ ಎಂದು ಒಳಗೊಳಗೇ ನಗುತ್ತಿದ್ದೆ. ನನಗಾದದ್ದು ಬೆಳಿಗ್ಗೆ ಹತ್ತು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ, ಹದಿನಾಲ್ಕು ಜನ ಕೆಲಸದವರ ನಡುವೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಯಾರೂ ನಂಬಲಿಕ್ಕಿಲ್ಲ ಎಂಬ ಅಂಜಿಕೆಯಿಂದಲ್ಲ. ಹೇಳಹೊರಟರೆ ಆ ದಿನ ನಾನೇನು ಮಾಡಿದೆ ಎಂಬುದನ್ನೂ ಹೇಳಬೇಕಾಗುತ್ತದೆ, ಅದಕ್ಕೆ.

ಆಗ ನಾನು ಮಡಿಕೇರಿಯಿಂದ ಚೆಟ್ಟಳ್ಳಿಯ ಮಾರ್ಗವಾಗಿ ಸಿದ್ದಾಪುರಕ್ಕೆ ಇಳಿಯುವ ರಸ್ತೆಯಲ್ಲಿ ಮೇಸ್ತ್ರಿ. ನನ್ನ ಊರು ಶಿರಂಗಾಲ. ಮಳೆಗಾಲ ಕಿತ್ತುಹಾಕಿದ ರಸ್ತೆಗೆ ಜಲ್ಲಿ ಹಾಕಿಸುವುದು, ಮೋರಿ ರಿಪೇರಿ ಮಾಡಿಸುವುದು, ಸಂಜೆ ಕೂತು ಆ ದಿನದ ಕೆಲಸವನ್ನು ಪುಸ್ತಕದಲ್ಲಿ ಬರೆಯುವುದು. ಮಧ್ಯಾಹ್ನ ಮಳೆ ಹನಿಯಿತೋ ಇಲ್ಲವೋ, ಯಾರ ಕಾಲಿಗೆ ಕಲ್ಲು ಬಿತ್ತು, ಅದನ್ನೂ ಬರೆಯುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ, ನನಗೆ ಅಭ್ಯಾಸ. ಕೆಲಸ ನಡೆಯುವಲ್ಲಿ ಗಾಡಿ ನಿಲ್ಲಿಸಲು ನನಗೊಂದು ಕೆಂಪು ಬಾವುಟ ಕೊಟ್ಟಿದ್ದರು. ಭಾನುವಾರ ಅದನ್ನು ಅಂಟುವಾಳದ ಕಾಯಿ ಹಾಕಿ ಒಗೆದು ಒಣಗಿಸುತ್ತಿದ್ದೆ. ಅದರ ಮೇಲೆ ನನಗೆ ಅಷ್ಟು ಅಭಿಮಾನ.

ಆ ರಸ್ತೆಯಲ್ಲಿ ದಿನಕ್ಕೊಂದು ಬಾಡಿಗೆ ಮೋಟಾರು ಬರುತ್ತಿತ್ತು. ಎಂಟು ಹತ್ತು ಜನರನ್ನು ತುಂಬಿಕೊಂಡು, ತಿರುವಿಗೆ ಅರ್ಧ ಮೈಲಿ ಇರುವಾಗಲೇ ಹಾರ್ನು ಹಿಡಿದರೆ ನಮ್ಮನ್ನು ದಾಟುವವರೆಗೂ ಬಿಡುತ್ತಿರಲಿಲ್ಲ. ಡ್ರೈವರ್ ಘಟ್ಟದ ಕೆಳಗಿನವನು. ಹೆಸರು ಗೊತ್ತಿರಲಿಲ್ಲ, ನಮ್ಮ ಹೆಂಗಸರು ಅವನಿಗೆ ದೂಳಪ್ಪ ಎಂದು ಹೆಸರಿಟ್ಟಿದ್ದರು. ಅವನಿಗಾಗಿ ಎತ್ತಿನ ಗಾಡಿಗಳು ಚರಂಡಿಗಿಳಿಯುತ್ತಿದ್ದವು. ತಲೆಯ ಮೇಲೆ ಜಲ್ಲಿ ಬುಟ್ಟಿ ಹೊತ್ತವರು ಹಾರಿ ಪಕ್ಕಕ್ಕೆ ಬೀಳಬೇಕಿತ್ತು. ಹಾಗೆ ಬಿದ್ದು ನಮ್ಮ ಕಾಳಮ್ಮ ಒಂದು ತಿಂಗಳು ಕುಂಟಿದಳು. ನಾನು ಓವರ್‌ಸಿಯರರಿಗೆ ಬರೆದು ಕೊಟ್ಟೆ. ಮೋಟಾರಿನವರ ಜೊತೆ ಜಗಳ ಬೇಡ, ನೀವೇ ಸ್ವಲ್ಪ ಸರಿದು ನಿಲ್ಲಿ ಎಂದರು ಅವರು.

ನಾನು ಹೇಳುವ ದಿನಕ್ಕೆ ಮೂರು ದಿನ ಮೊದಲು, ರಸ್ತೆಗೆ ಜಲ್ಲಿ ಹರಡಿದ್ದಾಗ, ನಡುವೆ ನಿಂತು ಬಾವುಟ ಹಿಡಿದೆ. ಅವನು ನಿಲ್ಲಿಸಲಿಲ್ಲ. ನಾನೇ ಪಕ್ಕಕ್ಕೆ ಹಾರಬೇಕಾಯಿತು. ದಾಟುತ್ತ ತಲೆ ಹೊರಗೆ ಹಾಕಿ, “ಬಟ್ಟೆ ಒಣಗಿಸ್ಲಿಕ್ಕೆ ಬೇರೆ ಜಾಗ ಸಿಕ್ಕಲಿಲ್ವಾ ಮೇಸ್ತ್ರೀ?” ಎಂದ. ಮೋಟಾರಿನಲ್ಲಿದ್ದವರು ನಕ್ಕರು. ಅದನ್ನಾದರೂ ತಡೆದುಕೊಳ್ಳುತ್ತಿದ್ದೆನೇನೋ. ನಮ್ಮ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಸಂಜೆ ಬಾವುಟವನ್ನು ಕೋಲಿಗೆ ಸುತ್ತಿ, ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿದೆ. ಮೂರು ದಿನವೂ ಬಿಚ್ಚಲಿಲ್ಲ.

ಮೂರನೆಯ ದಿನ ಮೋರಿಯ ಕೆಲಸ. ಮೇಲಿನ ಚಪ್ಪಡಿ ತೆಗೆದು ಅರ್ಧ ರಸ್ತೆ ಬಾಯಿ ತೆರೆದಿತ್ತು. ಕೆಳಗೆ ಎರಡಾಳು ಆಳ. ನಿಧಾನವಾಗಿ ಬಂದ ಗಾಡಿ ಒಂದು ಪಕ್ಕದಲ್ಲಿ ದಾಟಬಹುದಿತ್ತು. ಐವತ್ತು ಹೆಜ್ಜೆ ಮೇಲೆ ತಿರುವಿನ ಹತ್ತಿರ ಒಂದು ಹಲಸಿನ ಮರ. ಬಾವುಟ ಹಿಡಿದು ನಾನು ನಿಲ್ಲಬೇಕಾದ ಜಾಗ ಅದು. ನಾನು ಮೋರಿಯ ಕಟ್ಟೆಯ ಮೇಲೆ ಕೂತಿದ್ದೆ. ಹಾರ್ನು ಕೇಳಿಸಿತು.

“ಅಣ್ಣಯ್ಯ, ಮೋಟ್ರು ಬತ್ತಾ ಅದೆ,” ಎಂದಳು ಕಾಳಮ್ಮ.

ಕೇಳಿಸಲಿಲ್ಲ ಎನ್ನುವಂತೆ ಕೂತೆ. ಎದ್ದು ಹೋಗಲು ಸಾಕಷ್ಟು ಹೊತ್ತಿತ್ತು. ತಿರುವಿನ ಕಡೆ ಅಡ್ಡ ಇಟ್ಟಿದ್ದ ಕಲ್ಲಿನ ರಾಶಿ ಇದೆಯಲ್ಲ, ಅದಕ್ಕೆ ಬಂದು ಗುದ್ದಲಿ, ಒಂದು ದೀಪ ಒಡೆಯಲಿ, ಬುದ್ಧಿ ಬರಲಿ ಎಂದುಕೊಂಡೆ. ಆ ರಾಶಿಯನ್ನು ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆಂದು ನಾನೇ ತೆಗೆಸಿದ್ದೆ. ಅದು ಆ ಗಳಿಗೆಯಲ್ಲಿ ನನಗೆ ಮರೆತಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಬಾವುಟ ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು. ಮೋಟಾರಿನೊಳಗೆ ಬೇರೆ ಜನವೂ ಇರುತ್ತಾರೆ ಎಂಬುದು ಮಾತ್ರ ನಿಜವಾಗಿ ತಲೆಗೆ ಬರಲಿಲ್ಲ.

ಹಾರ್ನು ನಡುವೆಯೇ ನಿಂತಿತು. ಗಾಲಿಗಳು ಕರಕರ ಉಜ್ಜಿಕೊಂಡವು. ಮೋಟಾರು ತಿರುವು ದಾಟಿ ಹಲಸಿನ ಮರದ ಬುಡದಲ್ಲಿ ಅಡ್ಡಡ್ಡ ನಿಂತುಬಿಟ್ಟಿತು. ಒಳಗೆ ಒಂದು ಕೂಸು ಅಳತೊಡಗಿತು.

ಡ್ರೈವರ್ ಇಳಿದು ಬಂದ. ಮೋರಿಯ ಬಾಯಿ ನೋಡಿದ, ನನ್ನನ್ನು ನೋಡಿದ, ನನ್ನ ಎರಡೂ ಕೈ ಹಿಡಿದುಕೊಂಡ.

“ನೀವು ನಡು ರಸ್ತೆಯಲ್ಲಿ ಹಾಗೆ ನಿಲ್ಲದಿದ್ರೆ ಇವತ್ತು ನಾವು ಯಾರೂ ಇಲ್ಲ ಮಾರಾಯ್ರೆ. ಇಷ್ಟು ಬೇಗ ಇಲ್ಲಿಗೆ ಓಡಿ ಬಂದ್ರಾ? ನಾನು ಮೊನ್ನೆ ಹೇಳಿದ್ದು ಮನಸ್ಸಲ್ಲಿ ಇಟ್ಕೊಳ್ಬೇಡಿ.”

ನಾನು ಕಟ್ಟೆ ಬಿಟ್ಟು ಎದ್ದೇ ಇರಲಿಲ್ಲ, ಏನು ಹೇಳುತ್ತಿದ್ದಾನೆ ಎಂದೇ ತಿಳಿಯಲಿಲ್ಲ. ಮುಂದೆ ಅವನ ಪಕ್ಕ ಕೂತಿದ್ದ ಎಸ್ಟೇಟಿನ ಲೆಕ್ಕ ಬರೆಯುವ ಮುದುಕ ರೈಟರು ಹಿಂದಿನಿಂದ ಬಂದರು. ಮರದ ಹತ್ತಿರ ಮೇಸ್ತ್ರಿ ಬಾವುಟ ಬೀಸುತ್ತಿದ್ದುದನ್ನು ತಾವೂ ಕಂಡೆವು, ಇನ್ನೇನು ಮೋಟಾರು ಮೇಸ್ತ್ರಿಯ ಮೇಲೆಯೇ ಹತ್ತಿತು ಎಂದುಕೊಂಡೆವು ಎಂದರು. ಅಲ್ಲ, ನಾನಲ್ಲ ಎನ್ನಲು ಬಾಯಿ ತೆರೆದೆ. ಹಾಗೆಂದರೆ ಮತ್ತೆ ನೀವೆಲ್ಲಿದ್ದಿರಿ ಎಂದು ಕೇಳುತ್ತಾರೆ. ಬಾಯಿ ಮುಚ್ಚಿದೆ. ನಾವೆಲ್ಲ ಮೋರಿಯ ಹತ್ತಿರವೇ ನಿಂತು ದಾರಿ ತೋರಿಸಿ ಮೋಟಾರನ್ನು ಮೆಲ್ಲಗೆ ದಾಟಿಸಿದೆವು. ಕೂಸಿನ ತಾಯಿ ನನಗೆ ಕೈ ಮುಗಿದಳು.

ಮರದ ಹತ್ತಿರ ಹೋಗಿ ನೋಡಿದೆ. ಗಾಲಿಯ ಗುರುತು ಇತ್ತು. ಅದರ ಮುಂದೆ ಒದ್ದೆ ಮಣ್ಣಿನಲ್ಲಿ ಡ್ರೈವರ್ ಮತ್ತು ರೈಟರ ಬೂಟಿನ ಗುರುತು ಬಿಟ್ಟು ಬೇರೆ ಹೆಜ್ಜೆ ಇರಲಿಲ್ಲ. ಕೆಂಪು ಎನ್ನುವಂಥ ಹೂವಾಗಲಿ ಚಿಗುರಾಗಲಿ ಆ ಸುತ್ತಿನಲ್ಲಿರಲಿಲ್ಲ. ಕೆಲಸದವರು ಹದಿನಾಲ್ಕೂ ಜನ ಮೋರಿಯ ಈಚೆ ಇದ್ದರು, ಎಣಿಸಿದೆ.

ಸಂಜೆ ಬುಟ್ಟಿ ಮಗುಚಿಡುವಾಗ ಕಾಳಮ್ಮ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: “ಬಾವ್ಟ ಕಟ್ಟಿದ್ದು ಕಟ್ಟಿದಂಗೇ ಇತ್ತಲ್ಲ ಅಣ್ಣಯ್ಯ. ನಾ ನೋಡ್ತಾನೇ ಇದ್ದೆ.”

ಮರದ ಹತ್ತಿರ ಯಾರಾದರೂ ಕಂಡರೇ ಎಂದು ಕೇಳಿದೆ.

“ನಾ ಮರ ನೋಡ್ನಿಲ್ಲ. ನಿಮ್ಮನ್ನೇ ನೋಡ್ತಿದ್ದೆ.”

ಮತ್ತೆಂದೂ ಅವಳು ಆ ಮಾತೆತ್ತಲಿಲ್ಲ. ನನ್ನ ಮುಂದೆ ನಗುವುದನ್ನೂ ಬಿಟ್ಟಳು.

ಆಮೇಲೆ ಪುಸ್ತಕ ಬರೆಯಲು ಕೂತೆ. ಬೇರೆ ದಿನಗಳಲ್ಲಿ ‘ಗಾಡಿ ನಿಲ್ಲಿಸಿದೆನು’ ಎಂದು ಬರೆಯುತ್ತಿದ್ದೆ. ಅಂದು ‘ಹತ್ತು ಗಂಟೆಗೆ ಮೋಟಾರು ನಿಲ್ಲಿಸಲಾಯಿತು, ಅಪಾಯವಿಲ್ಲ’ ಎಂದು ಬರೆದೆ. ಓವರ್‌ಸಿಯರರು ಆ ಸಾಲನ್ನು ಎಲ್ಲರ ಮುಂದೆ ಓದಿ ನನ್ನ ಬೆನ್ನು ತಟ್ಟಿದರು. ನಿಲ್ಲಿಸಿದವರು ಯಾರೆಂದು ಅವರು ಕೇಳಲಿಲ್ಲ.

ಡ್ರೈವರ್ ಆಮೇಲೆ ಬೇರೆಯೇ ಮನುಷ್ಯನಾದ. ಹಲಸಿನ ಮರದ ಹತ್ತಿರ ಮೋಟಾರು ನಿಧಾನ ಮಾಡಿ, ಎರಡು ಸಲ ಸಣ್ಣಗೆ ಹಾರ್ನು ಒತ್ತಿ, ನನಗೆ ಸಲಾಮು ಮಾಡುತ್ತಿದ್ದ. ಎಷ್ಟೋ ಸಲ ಕಿತ್ತಳೆ ಹಣ್ಣು ಕೊಟ್ಟು ಹೋಗುತ್ತಿದ್ದ. ಅವುಗಳನ್ನು ಹೆಂಗಸರಿಗೆ ಹಂಚುತ್ತಿದ್ದೆ; ಕಾಳಮ್ಮ ಮುಟ್ಟುತ್ತಿರಲಿಲ್ಲ, ನಾನೂ ತಿನ್ನಲಿಲ್ಲ. ಆ ರಸ್ತೆಯಲ್ಲಿ ಮತ್ತೆ ಏಳು ವರ್ಷ ಇದ್ದೆ. ಅವನ ಸಲಾಮಿಗೆ ದಿನವೂ ಕೈ ಎತ್ತಬೇಕಾಗುತ್ತಿತ್ತು. ಎತ್ತುವಾಗಲೆಲ್ಲ ಕಣ್ಣು ತಾನಾಗಿ ಮರದ ಬುಡಕ್ಕೆ ಹೋಗುತ್ತಿತ್ತು. ಅಲ್ಲಿ ಯಾರಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರೇ ಆಗಲಿ, ನನ್ನ ಮುಖ ಹೊತ್ತು ನಿಂತಿದ್ದರು. ಆ ಸಲಾಮು ಅವರದು.