ಹೆಗಲ ಮೇಲೆ ವಲ್ಲಿ ಇಲ್ಲದ ಮಲ್ಲೇಶಪ್ಪ

ಬನಾರಸಿನಲ್ಲಿ ಹೆಗಲ ಮೇಲೆ ಗಮಛಾ ಇಲ್ಲದ ಗಂಡಸು ಸಿಗುವುದು ಕಷ್ಟ. ರಿಕ್ಷಾ ತುಳಿಯುವವನಿಂದ ಪೂಜಾರಿಯವರೆಗೆ ಎಲ್ಲರ ಹೆಗಲಲ್ಲೂ ಒಂದು ಕೆಂಪು ಚೌಕಳಿ ಬಟ್ಟೆ. ಬೆವರಿಗೂ ಅದೇ, ಸ್ನಾನಕ್ಕೂ ಅದೇ, ಚಳಿಯಲ್ಲಿ ಕಿವಿ ಮುಚ್ಚಿಕೊಳ್ಳಲೂ ಅದೇ. ನಮ್ಮ ಮಲ್ಲೇಶಪ್ಪನವರ ಹೆಗಲು ಮಾತ್ರ ಬರಿದು. ಮುಖ ತೊಳೆದರೆ ಅಂಗಿಯ ತೋಳಿನಲ್ಲೇ ಒರೆಸಿಕೊಳ್ಳುತ್ತಿದ್ದರು. ಬಿಜಾಪುರದ ಕಡೆಯ ಮನುಷ್ಯ, ವಲ್ಲಿ ಹಾಕಿಕೊಳ್ಳದೆ ಹೊಸಿಲು ದಾಟದ ಸೀಮೆಯವರು! ಇದೇನು ಅವತಾರವಪ್ಪಾ ಎಂದು ನಾನು ಮೊದಮೊದಲು ನಕ್ಕಿದ್ದುಂಟು.

ಅದು ಎಪ್ಪತ್ತರ ದಶಕ. ಬೇರೆಯವರು ಪುಣ್ಯ ಮಾಡಿ ಕಾಶಿಗೆ ಬರುತ್ತಾರೆ. ನಾನು ತುಮಕೂರಿನಲ್ಲಿ ಮೇಲಧಿಕಾರಿಯ ಜೊತೆ ಜಗಳ ಮಾಡಿ ಬಂದವನು. ಬ್ಯಾಂಕಿನ ಕಂಟೋನ್ಮೆಂಟ್ ಶಾಖೆಯಲ್ಲಿ ನನಗೆ ಹಚ್ಚಿದ ಕೆಲಸವೆಂದರೆ ಸುತ್ತಲಿನ ಹಳ್ಳಿಗಳಲ್ಲಿ ರೈತರ ಮಾರಾಟ ಸಹಕಾರ ಸಂಘ ಕಟ್ಟಿಸುವುದು. ನನ್ನ ಹಿಂದಿ ಕೇಳಿ ಎಮ್ಮೆಗಳೂ ಮುಖ ತಿರುಗಿಸುತ್ತಿದ್ದವು. ಆರು ತಿಂಗಳು ಸೈಕಲ್ ತುಳಿದರೂ ಒಂದು ಸಂಘವೂ ಹುಟ್ಟಲಿಲ್ಲ. ಭಾನುವಾರ ಬಂತೆಂದರೆ ಜೋಳದ ರೊಟ್ಟಿಯ ಆಸೆಗೆ ಜಂಗಮವಾಡಿಯ ಗಲ್ಲಿಯಲ್ಲಿದ್ದ ಕನ್ನಡ ಯಾತ್ರಿಕರ ಛತ್ರಕ್ಕೆ ಹೋಗಿ ಕೂರುತ್ತಿದ್ದೆ. ಆ ಛತ್ರದ ಅಡುಗೆಮನೆಗೆ ಇಪ್ಪತ್ತು ವರ್ಷದಿಂದ ದಿನಾ ಮಂಡಿಗೆ ಹೋಗಿ ಕಾಯಿಪಲ್ಯೆ ತರುತ್ತಿದ್ದವರು ಮಲ್ಲೇಶಪ್ಪ.

ಒಂದು ಭಾನುವಾರ ನನ್ನ ಗೋಳು ಕೇಳಿ ಅವರೇ ಬಾಯಿಬಿಟ್ಟರು. ಮಂಡಿಯಲ್ಲಿ ದರ ಮಾತಾಡುವುದು ಬಾಯಲ್ಲಲ್ಲ, ಬೆರಳಲ್ಲಿ. ದಲ್ಲಾಳಿ ಕೈಮೇಲೆ ಗಮಛಾ ಹರಡುತ್ತಾನೆ, ಕೊಳ್ಳುವವನು ಅದರ ಕೆಳಗೆ ಕೈ ಹಾಕಿ ಬೆರಳು ಹಿಡಿದು ದರ ಹೇಳುತ್ತಾನೆ. ಮಾಲು ತಂದ ರೈತ ಎರಡು ಮಾರು ದೂರದಲ್ಲಿ ನಿಂತಿರುತ್ತಾನೆ, ಅವನಿಗೆ ಏನೂ ಕಾಣುವುದಿಲ್ಲ.

"ಬೆರಳ ಮಾತಿನ್ಯಾಗ ನನ್ನ ಮೀರಸೋರು ಇರಲಿಲ್ರೀ ಸಾಹೇಬ್ರ," ಎಂದರು. "ಒಂದಿನ ರಾಮಧನಿ ಅಂತ ಒಬ್ಬ ರೈತ ಬಟಾಣಿ ತಂದಿದ್ದ. ನಾನ ಬೆರಳ ಹಿಡದೆ, ಛಲೋ ದರಾನ ಕೊಟ್ಟೆ. ದಲ್ಲಾಳಿ ಅವಗ ಬ್ಯಾರೇನ ಹೇಳಿದ, ಕಡಿಮಿ. ಅಂವ ನನ್ನ ಕಡೆ ತಿರುಗಿ, 'ಕೇತನಾ ಮೇಂ ಗಇಲ್, ಭಯ್ಯಾ?' ಅಂದ. ಎಷ್ಟಕ್ಕ ಹೋತಣ್ಣಾ ಅಂತ ಅಂವ ಕೇಳಿದ್ರೀ, ತನ್ನ ಮಾಲಿನ ದರಾನ! ಹೇಳಿದ್ರ ನಾಳೆ ಮಂಡಿಯೊಳಗ ನನ್ನ ನಿಂದರಸ್ತಿರಲಿಲ್ಲ. ಸುಮ್ಮನ ನಿಂತೆ ನೋಡ್ರಿ, ಕಲ್ಲಿನಂಗ."

ಅವತ್ತು ಮನೆಗೆ ಬಂದವರೇ ವಲ್ಲಿಯನ್ನು ಗೂಟಕ್ಕೆ ಹಾಕಿದರಂತೆ. ಮತ್ತೆ ಹೆಗಲಿಗೆ ಹಾಕಲಿಲ್ಲ.

ಮರುವಾರ ನನ್ನ ಜೊತೆ ರಾಮಧನಿಯ ಹಳ್ಳಿಗೆ ಹೊರಟರು. ನಾನು ಸಂಘದ ಬೈಲಾ ಓದಲು ಕಾಗದ ತೆಗೆದರೆ, "ಅದನ್ನ ಚೀಲದಾಗ ಇಡ್ರಿ, ಮಂದಿ ನಿದ್ದಿ ಹೊಡೀತಾರ," ಎಂದು ತಡೆದರು. ಬೇವಿನ ಮರದ ಕೆಳಗೆ ಎಲ್ಲರನ್ನೂ ನಿಲ್ಲಿಸಿ, "ನಿಮ್ಮ ಬಟಾಣಿಗೆ ಎಷ್ಟು ಬೇಕು, ಬಾಯಿಬಿಟ್ಟು ಕೂಗಿ," ಎಂದು ಹಿಂದಿಯಲ್ಲಿ ಹೇಳಿದರು. ಒಬ್ಬರೂ ಕೂಗಲಿಲ್ಲ! ಒಬ್ಬ ಮಲ್ಲೇಶಪ್ಪನ ಕಿವಿಯ ಹತ್ತಿರ ಬಾಯಿ ತಂದ, ಇನ್ನೊಬ್ಬ ಸೀದಾ ಬೆರಳು ಹಿಡಿದ. ರಾಮಧನಿಯ ಗಂಟಲು ಎಂಥದ್ದೆಂದರೆ ಹೊಳೆಯ ಆಚೆ ದಡದ ಎಮ್ಮೆ ತಿರುಗಿ ಬರುತ್ತಿತ್ತು. ದರ ಎಂದ ಕೂಡಲೇ ಆ ಗಂಟಲು ಹೂತುಹೋಯಿತು. ನನಗೆ ನಗು ಬಂತು. ಮಲ್ಲೇಶಪ್ಪ ಬೇಸರಪಡಲಿಲ್ಲ. ಎರಡು ತಿಂಗಳು ಪ್ರತಿ ಭಾನುವಾರ ಬಂದು ಮಗ್ಗಿ ಹೇಳಿಸುವ ಮೇಷ್ಟ್ರ ಹಾಗೆ ರೈತರಿಂದ ದರ ಕೂಗಿಸಿದರು. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಬಿದ್ದುಬಿದ್ದು ನಗುತ್ತಿದ್ದರು. ಆ ಬೇವಿನ ಕೆಳಗೇ ಸಂಘ ಹುಟ್ಟಿತು. ಅದಕ್ಕೆ ಇದ್ದದ್ದು ಒಂದೇ ನಿಯಮ: ಮಾಲು ಮಾರುವುದು ಕೂಗಿ, ಬಟ್ಟೆಯ ಕೆಳಗಲ್ಲ.

ಸಂಘದ ಒಂಬತ್ತು ಮೂಟೆ ಬಟಾಣಿ ಮಂಡಿಗೆ ಬಂದ ಮೊದಲ ಬೆಳಗ್ಗೆ ಮಂಜು ದಟ್ಟವಾಗಿತ್ತು. ರಾಮಧನಿ ಮೂಟೆಯ ಮೇಲೆ ಹತ್ತಿ, ನಡುಗುವ ದನಿಯಲ್ಲಿ ದರ ಕೂಗಿದ. ವ್ಯಾಪಾರಿಗಳೆಲ್ಲ ಮೊದಲೇ ಮಾತಾಡಿಕೊಂಡಿದ್ದರು. ಒಬ್ಬನೂ ತುಟಿ ಬಿಚ್ಚಲಿಲ್ಲ, ಚಹಾ ಕುಡಿಯುತ್ತಾ ಬೇರೆ ಕಡೆ ನೋಡಿದರು. ಮಂಜು ಕರಗಿ ಬಿಸಿಲು ಬಂತು. ಸಂಜೆಯ ಹೊತ್ತಿಗೆ ಕಾಯಿ ಬಾಡುತ್ತದೆ, ನಾಳೆಯಿಂದ ಒಬ್ಬ ರೈತನೂ ಸಂಘದ ಹೆಸರೆತ್ತುವುದಿಲ್ಲ. ರಾಮಧನಿ ಮೂಟೆಯಿಂದ ಇಳಿಯಲು ಒಂದು ಕಾಲು ಕೆಳಗಿಟ್ಟ.

"ಇಳೀಬ್ಯಾಡೋ!" ಗಾಬರಿಯಲ್ಲಿ ಮಲ್ಲೇಶಪ್ಪನವರಿಗೆ ಕನ್ನಡವೇ ಬಂದುಬಿಟ್ಟಿತು. ಆಮೇಲೆ ಬರಿಗೈ ಎತ್ತಿ, ಇಡೀ ಮಂಡಿಗೆ ಕೇಳುವಂತೆ, ಒಂಬತ್ತೂ ಮೂಟೆಗೆ ದರ ಕೂಗಿದರು. ಛತ್ರಕ್ಕೆ ಬೇಕಾಗಿದ್ದದ್ದು ಅರ್ಧ ಮೂಟೆ!

ಒಂದು ವಾರ ಆ ಛತ್ರದಲ್ಲಿ ಬಟಾಣಿ ಹುಳಿ, ಬಟಾಣಿ ಪಲ್ಯ, ಬಟಾಣಿ ಉಪ್ಪಿಟ್ಟು. ದಾವಣಗೆರೆಯ ಒಬ್ಬ ಯಾತ್ರಿಕರು, "ಕಾಶಿಯಲ್ಲಿ ಏನಾದರೂ ಒಂದನ್ನು ಬಿಟ್ಟು ಹೋಗಬೇಕಂತೆ, ನಾನು ಬಟಾಣಿ ಬಿಟ್ಟೆ," ಎಂದು ಕೈಮುಗಿದರು. ಛತ್ರದ ಮೇನೇಜರಿಗೆ ಮಾತ್ರ ನಗು ಬರಲಿಲ್ಲ. ಮಂಡಿಯ ಕೆಲಸ ಬಿಡಿಸಿ, ಮಲ್ಲೇಶಪ್ಪನವರನ್ನು ಯಾತ್ರಿಕರಿಗೆ ಕೋಣೆಯ ಬೀಗದ ಕೈ ಕೊಡಲು ಕೂರಿಸಿದರು.

ಅತ್ತ ಮಂಡಿಯಲ್ಲಿ, ಆ ಒಂಬತ್ತು ಮೂಟೆ ಹೋದ ಮರುದಿನವೇ ಇಬ್ಬರು ತಳ್ಳುಗಾಡಿ ವ್ಯಾಪಾರದ ಹೆಂಗಸರು ಸಂಘದ ಮುಂದೆ ನಿಂತು ದರ ಕೂಗಿದರಂತೆ, ತಿಂಗಳೊಳಗೆ ದೊಡ್ಡ ವ್ಯಾಪಾರಿಗಳೂ ಬಂದರಂತೆ. ಎಲ್ಲವೂ ಮಲ್ಲೇಶಪ್ಪನವರಿಗೆ ನನ್ನ ಬಾಯಿಂದ ಕೇಳಿದ ಸುದ್ದಿಯೇ. "ಹೌದನ್ರೀ? ಜೋರ ಕೂಗತಾನನ್ರೀ ರಾಮಧನಿ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದರು. ಮಂಡಿ ಇಲ್ಲದೆ ಅವರು ಸೊರಗಿಹೋದರು. ನನ್ನ ಸಂಘಕ್ಕಾಗಿ ಅವರ ಜೀವದಂಥ ಕೆಲಸ ಹೋಯಿತಲ್ಲ ಎಂದು ನನಗೆ ಇವತ್ತಿಗೂ ಚುಚ್ಚುತ್ತದೆ.

ಮುಂದಿನ ಬಟಾಣಿ ಕಾಲಕ್ಕೆ ಅವರು ಊರಿಗೆ ಹೊರಟೇಬಿಟ್ಟರು. ಟ್ರಂಕು ಹೊತ್ತು ಕಂಟೋನ್ಮೆಂಟ್ ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಕಿಟಕಿಯ ಹತ್ತಿರ ಕೂತು ಗೇಟಿನ ಕಡೆಯೇ ನೋಡುತ್ತಿದ್ದರು. "ಇಷ್ಟೊತ್ತಿಗೆ ಮಂಡಿ ಮುಗದಿರಬೇಕಲ್ರಿ," ಎಂದರು, ಒಂದಲ್ಲ ಮೂರು ಸಲ. ಗಾಡಿ ಸಿಳ್ಳೆ ಹಾಕಿತು. ಅಷ್ಟರಲ್ಲಿ ಪ್ಲಾಟ್‌ಫಾರಂ ಮೇಲೆ ಬರಿಗಾಲಲ್ಲಿ ಓಡಿ ಬಂದ ರಾಮಧನಿ, ತೊಡೆಯವರೆಗೆ ಮಣ್ಣು, ಏದುಸಿರು.

ಗಾಡಿ ಹೊರಟಿತ್ತು. ಮಲ್ಲೇಶಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕೇತನಾ ಮೇಂ ಗಇಲ್, ರಾಮಧನಿ ಭಯ್ಯಾ?" ಎಂದು ಕೂಗಿದರು.

ರಾಮಧನಿ ಗಾಡಿಯ ಜೊತೆ ಓಡುತ್ತಾ, ಎಮ್ಮೆ ಕರೆಯುವ ಆ ಗಂಟಲಿನಲ್ಲಿ, ಹಮಾಲರೂ ಯಾತ್ರಿಕರೂ ತಿರುಗಿ ನೋಡುವಂತೆ, ಅವತ್ತಿನ ದರ ಕೂಗಿ ಹೇಳಿದ. ಪ್ಲಾಟ್‌ಫಾರಂ ಮುಗಿಯುವವರೆಗೂ ಮತ್ತೆ ಮತ್ತೆ ಕೂಗಿದ. ಮಲ್ಲೇಶಪ್ಪ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದುದಷ್ಟೇ ನನಗೆ ಕಂಡದ್ದು.