ಆರನೆಯ ಪುಟದ ತಿದ್ದುಪಡಿ

ನನ್ನ ತಂಗಿಯ ಮಗಳು ಆ ವರದಿ ಬಂದ ದಿನದಿಂದ ನನ್ನೊಂದಿಗೆ ಮೊದಲಿನಂತಿಲ್ಲ. ಅವಳ ತಪ್ಪಿಲ್ಲ. ವರದಿ ಬರೆದವನು ನಾನು.

ಅವಳಿಗೆ ಆಗ ಹದಿನಾರು. ಗಡಿಯಾಚೆಯ ತಿರುನೆಲ್ಲಿ ಪಂಚಾಯಿತಿಯ ಕಾಡಂಚಿನಲ್ಲಿ ತಂಗಿಯ ಗಂಡನ ಮನೆ. ತಲೆಮಾರುಗಳ ಹಿಂದೆ ಕರ್ನಾಟಕದ ಕಡೆಯಿಂದ ಬಂದು ಗದ್ದೆ ಮಾಡಿಕೊಂಡವರು. ಹುಡುಗಿಯ ಕುತ್ತಿಗೆಯ ಗಂಟು ಕ್ಯಾನ್ಸರ್ ಎಂದು ಗೊತ್ತಾದಾಗ ವೈದ್ಯರು ಆರು ಸುತ್ತು ಕೀಮೋ ಬರೆದುಕೊಟ್ಟರು. ಎರಡನೆಯ ಸುತ್ತು ಮುಗಿಯುವಷ್ಟರಲ್ಲಿ ಗಂಟು ಕೈಗೆ ಸಿಗದಂತೆ ಕರಗಿತ್ತು. ಕೂದಲೂ ಹೋಗಿತ್ತು.

ಡ್ರಿಪ್ ಇಳಿಯುವ ಹೊತ್ತಿನಲ್ಲಿ ಅವಳು ಪಕ್ಕದ ಹಾಸಿಗೆಯವರ ಕೈಗಳ ಚಿತ್ರ ಬರೆಯುತ್ತಿದ್ದಳು. ಕೈ ಮಾತ್ರ. ಸೂಜಿಯ ಮೇಲೆ ಪ್ಲಾಸ್ಟರ್ ಅಂಟಿಸಿದ ಕೈ, ಸಣಕಲಾಗಿ ಬಳೆ ಮೊಣಕೈವರೆಗೆ ಜಾರಿದ ಕೈ, ಉಗುರು ಕಪ್ಪಾದ ಕೈ. ಎಲ್ಲವೂ ಹಳೆಯ ನೋಟ್ ಪುಸ್ತಕದಲ್ಲಿ, ಪೆನ್ಸಿಲಿನಲ್ಲಿ. ನಾನು ಮೈಸೂರಿನಿಂದ ನೋಡಲು ಹೋದಾಗ ಪುಸ್ತಕ ನನ್ನ ಕೈಗೆ ಕೊಟ್ಟಳು. ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದುಕೊಂಡೆ. ಏಕೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಫೋಟೊಗಳನ್ನಿಟ್ಟು ನಮ್ಮ ಪತ್ರಿಕೆಯ ಭಾನುವಾರದ ಪುಟಕ್ಕೆ ಬರೆದೆ. ಹೆಸರು ಹಾಕಲಿಲ್ಲ, ಆದರೂ ಅದು ಯಾರೆಂದು ಊರಿಗೆ ಗೊತ್ತಾಯಿತು. ಬಣ್ಣಗಳು ಅವಳನ್ನು ಗುಣಪಡಿಸಿವೆ, ಈಗ ಅವಳು ರೋಗಮುಕ್ತಳು ಎಂದು ಕೊನೆಯ ಪ್ಯಾರಾ ಮುಗಿಸಿದೆ. ವೈದ್ಯರನ್ನು ಕೇಳಿರಲಿಲ್ಲ. ತಂಗಿಯನ್ನೂ ಕೇಳಿರಲಿಲ್ಲ. ಅವಳ ಚಿತ್ರಗಳಲ್ಲಿ ಬಣ್ಣವೇ ಇರಲಿಲ್ಲ. ಬೇರೆ ಯಾರಾದರೂ ಇಂಥದ್ದು ಕಳಿಸಿದ್ದರೆ ಡೆಸ್ಕಿನಲ್ಲಿ ಕೂತ ನಾನೇ ವಾಪಸ್ ಕಳಿಸುತ್ತಿದ್ದೆ.

ಹುಡುಗಿ ಓದಿದ್ದು ಮಲಯಾಳಂ ಶಾಲೆಯಲ್ಲಿ. ಕನ್ನಡ ಆಡುತ್ತಾಳೆ, ಅಕ್ಷರ ಬಾರದು. ಗಡಿಯೂರು ಕುಟ್ಟದ ಕಡೆಯಿಂದ ಬರುವ ಬಸ್ಸು ಕನ್ನಡ ಪತ್ರಿಕೆ ತರುತ್ತದೆ. ಅವಳ ಅಜ್ಜ, ಅಂದರೆ ತಂಗಿಯ ಮಾವ, ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಾರೆ, ಮನೆಯವರು ಕೇಳಿಸಿಕೊಳ್ಳುತ್ತಾರೆ. ತನ್ನ ರೋಗ ವಾಸಿಯಾದ ಸುದ್ದಿಯನ್ನು ಅವಳು ಕೇಳಿದ್ದು ಹಾಗೆ.

ಮೂರು ದಿನಕ್ಕೆ ತಂಗಿ ಫೋನ್ ಮಾಡಿದಳು. "ಅಣ್ಣ, ಮೂರನೇ ಸುತ್ತಿಗೆ ಹೋಗೋದು ಬೇಡ ಅಂತಿದ್ದಾರೆ ಅಜ್ಜ. ಪೇಪರಲ್ಲೇ ಗುಣ ಆಯ್ತು ಅಂತ ಬಂದಿದೆಯಲ್ಲ ಅಂತಾರೆ. ಬಂದು ಹೇಳು."

ಹೋದೆ. ನನ್ನ ವರದಿ ಕ್ಯಾಲೆಂಡರಿನ ಪಕ್ಕ ಗೋಡೆಗೆ ಅಂಟಿತ್ತು.

"ಗಂಟು ಹೋಯ್ತು. ನೀವೇ ಬರ್ದಿದ್ದೀರಿ," ಎಂದರು ಅಜ್ಜ. "ಮಗೂಗೆ ಮತ್ತೆ ಆ ವಿಷ ಯಾಕೆ?"

"ನಾನು ತಪ್ಪು ಬರೆದೆ."

"ಬಾಯಲ್ಲಿ ಒಂದು, ಪೇಪರಲ್ಲಿ ಒಂದಾ?"

"ಡಾಕ್ಟರ್ ಆರು ಸುತ್ತು ಅಂದಿದ್ದಾರಲ್ಲ," ಎಂದಳು ತಂಗಿ.

"ಅವರು ಮೊದ್ಲು ಹೇಳಿದ್ದು. ಇದು ಆಮೇಲೆ ಬಂದದ್ದು."

ಮನೆಯ ತೀರ್ಮಾನ ಅಜ್ಜನದು. ಭಾವ ಗದ್ದೆಯಿಂದ ಬಂದು, ಕೇಳಿ, ಎದ್ದು ಹೋದರು.

ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಹುಡುಗಿ ಬಾಗಿಲಿಗೆ ಬಂದಳು. "ಚಿತ್ರ ಬರೆದ್ರೆ ಕ್ಯಾನ್ಸರ್ ಹೋಗ್ತದಾ ಮಾವ? ಹಾಗಾದ್ರೆ ವಾರ್ಡಲ್ಲಿ ಎಲ್ಲರಿಗೂ ಒಂದೊಂದು ಪೆನ್ಸಿಲ್ ಕೊಡು. ಮರುನ್ನು ಎಂತಕ್ಕೆ?"

ಮರುನ್ನು ಎಂದರೆ ಔಷಧಿ. ಸಿಟ್ಟು ಬಂದರೆ ಅವಳ ಮಾತಿಗೆ ಮಲಯಾಳಂ ಸೇರುತ್ತದೆ.

"ಪುಸ್ತಕ ನಿನಗೆ ನೋಡೋಕೆ ಕೊಟ್ಟಿದ್ದು. ಊರಿಗೆ ಹಂಚು ಅಂದಿದ್ನಾ? ಈಗ ಪೇಪರಲ್ಲೇ ತಿದ್ದು. ನಾನು ಹೇಳ್ತೀನಿ, ಬರಿ. ನಿನ್ನ ಮಾತು ಒಂದೂ ಸೇರಬಾರದು."

ಅವಳು ಹೇಳಿದಳು, ನಾನು ಬರೆದೆ. ನನ್ನ ಮೇಲೆ ನಂಬಿಕೆಯಿಲ್ಲದೆ ಹಾಳೆಯನ್ನು ಅಮ್ಮನ ಕೈಗೆ ಕೊಟ್ಟು ಓದಿಸಿದಳು.

"ಧೈರ್ಯವಂತ ಹುಡುಗಿ ಅಂತ ಯಾರು ಹೇಳಿದ್ದು?"

ನಾನು ಸೇರಿಸಿದ್ದೆ. ಹೊಡೆದು ಹಾಕಿದೆ.

ಮೈಸೂರಿನಲ್ಲಿ ಸುದ್ದಿ ಸಂಪಾದಕರು ತಲೆ ಚಚ್ಚಿಕೊಂಡರು. "ಓದಿ ಅತ್ತವರು ಫೋನ್ ಮಾಡಿದ್ದಾರೆ ಮಾರಾಯ. ಅವರಿಗೇನು ಹೇಳಲಿ?"

"ಸುಮ್ನೆ ಅತ್ರಿ ಅಂತ."

ಅದಾದ ಮೇಲೆ ಅವರು ನನ್ನ ಮುಖ ನೋಡದೆ ಸಹಿ ಹಾಕಿದರು. ನಮ್ಮಲ್ಲಿ ತಿದ್ದುಪಡಿ ಆರನೆಯ ಪುಟದ ಬುಡಕ್ಕೆ ಹೋಗುತ್ತದೆ. ಕೊಳವೆಬಾವಿಯ ಜಾಹೀರಾತಿನ ಕೆಳಗೆ ಅದು ಹೀಗೆ ಬಂತು: "ಭಾನುವಾರದ ವರದಿಯಲ್ಲಿ ಹುಡುಗಿಗೆ ಗುಣವಾಗಿದೆ ಎಂದು ಬರೆದದ್ದು ಸುಳ್ಳು. ಇನ್ನೂ ನಾಲ್ಕು ಸುತ್ತು ಚಿಕಿತ್ಸೆ ಬಾಕಿ ಇದೆ. ಚಿತ್ರ ಬರೆಯುವಾಗ ಅವಳು ಸೂಜಿಯ ಕಡೆ ನೋಡುವುದಿಲ್ಲ, ಹೊತ್ತು ಹೋಗುತ್ತದೆ. ಅಷ್ಟೇ."

ಪತ್ರಿಕೆ ತಲುಪುವ ದಿನ ನಾನೂ ಅಲ್ಲಿದ್ದೆ. ಅಜ್ಜ ಎರಡು ಸಲ ಓದಿದರು. ಎರಡನೆಯ ಸಲ ಓದುವಾಗ ಹುಡುಗಿಯ ತುಟಿಯೂ ಅಲ್ಲಾಡುತ್ತಿತ್ತು. ಒಂದು ಮಾತಾದರೂ ಬದಲಾಗಿದೆಯೇ ಎಂದು ನೋಡಿಕೊಳ್ಳುತ್ತಿದ್ದಳು. ಅಜ್ಜ ಎದ್ದು ಗೋಡೆಯ ಮೇಲಿದ್ದ ವರದಿಯನ್ನು ಉಗುರಿನಿಂದ ಕೆರೆದರು. ಅರ್ಧ ಬಂತು, ಅರ್ಧ ಅಲ್ಲೇ ಉಳಿಯಿತು.

"ನಾಳೆ ಮೊದಲ ಬಸ್ಸಿಗೆ ಹೊರಡಿ," ಎಂದರು, ನನ್ನತ್ತ ತಿರುಗದೆ.

ಚಿಕಿತ್ಸೆಯ ದಿನ ದಾಟಿ ಐದು ದಿನವಾಗಿತ್ತು. ತಡ ಮಾಡಿದ್ದಕ್ಕೆ ವೈದ್ಯರು ತಂಗಿಯನ್ನು ಬೈದರು. ತಡವಾದದ್ದು ನನ್ನಿಂದ ಎಂದೆ, ಅವರಿಗೆ ಅದು ಬೇಕಿರಲಿಲ್ಲ.

ಬಸ್ಸಿನಲ್ಲಿ ಹುಡುಗಿ ನನಗೂ ತನಗೂ ನಡುವೆ ಬ್ಯಾಗ್ ಇಟ್ಟುಕೊಂಡಿದ್ದಳು. ವಾರ್ಡಿನಲ್ಲಿ ಸೂಜಿ ಹಾಕಿದ ಕೂಡಲೇ ಪುಸ್ತಕ ತೆರೆದಳು. ಪಕ್ಕದ ಹಾಸಿಗೆ ಅವತ್ತು ಖಾಲಿ. ನಾನು ಸ್ಟೂಲು ಎಳೆದು, ಅವಳ ಹಾಸಿಗೆಯ ಅಂಚಿನ ಮೇಲೆ ನನ್ನ ಕೈ ಇಟ್ಟೆ.

ಅವಳು ಒಂದು ಕ್ಷಣ ಅದನ್ನೇ ನೋಡಿದಳು.

"ನಿನ್ನದು ಬೇಡ," ಎಂದಳು. "ಅದು ಸುಮ್ಮನಿರಲ್ಲ. ಅಮ್ಮನ್ನ ಕರಿ."

ಕರೆದೆ. ತಂಗಿ ಬಂದು ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. ನಾನು ಹೊರಗೆ ಕಾರಿಡಾರಿನಲ್ಲಿ ನಿಂತೆ.